ಎಡಕ್ಕೆ ತಿರುಗಿದ ಸಲಾಂ

“ಉಸ್ತಾದರೇ, ದೇವರೊಬ್ಬನೇ, ಮುಹಮ್ಮದರು ಅವನ ಪ್ರವಾದಿ ಎಂದು ನಂಬಿದ್ದೇನೆ. ಐದು ಹೊತ್ತಿನ ನಮಾಜು, ರಂಜಾನಿನ ಉಪವಾಸ, ಬಡವರ ಪಾಲಿನ ಜಕಾತು ಯಾವುದನ್ನೂ ಬಿಟ್ಟಿಲ್ಲ. ಹಜ್ ಯಾತ್ರೆಯೂ ಆಯಿತು. ನಾನು ಮಾತು ಬಿಟ್ಟ ನನ್ನ ತಮ್ಮನ ಹಾಗಲ್ಲ, ನಮಾಜಿನಲ್ಲಿ ಎಳ್ಳಷ್ಟೂ ತಪ್ಪುವವನಲ್ಲ. ಆದರೂ ಮನಸ್ಸಿಗೇಕೆ ಸಂತೋಷವಿಲ್ಲ?” ಎಂದು ಶಿಷ್ಯ ಕೇಳಿದ.

ಉಸ್ತಾದರು ನಕ್ಕರು. “ತಪ್ಪೇ ಮಾಡದ ಪುಣ್ಯಾತ್ಮ ನೀನು. ತಪ್ಪು ಮಾಡಿದವನೊಬ್ಬನ ಕತೆ ಕೇಳು” ಎಂದು ಶುರುಮಾಡಿದರು.

ಅಣ್ಣ ಅತ್ತರು ಮಾರುತ್ತಿದ್ದ. ತಮ್ಮ ಪಕ್ಕದಲ್ಲೇ ಹತ್ತಿ ಹಿಂಜುತ್ತಿದ್ದ. ಒಂದು ದಿನ ಹಿಂಜಿದ ಹತ್ತಿ ಹಾರಿಬಂದು ಅತ್ತರಿನ ಸೀಸೆಗಳಿಗೆಲ್ಲ ಮೆತ್ತಿಕೊಂಡಿತು. ಇಷ್ಟಕ್ಕೇ ಮಾತು ಬೆಳೆಯಿತು, ಆಮೇಲೆ ನಿಂತೇ ಹೋಯಿತು. ಎರಡು ವರ್ಷ ಕಳೆಯಿತು. ಅಣ್ಣನ ಮಗಳಿಗೆ ನಿಕಾಹ್ ಗೊತ್ತಾಯಿತು. ಚಿಕ್ಕಪ್ಪ ಬರದಿದ್ದರೆ ತಾನು ಮದರಂಗಿ ಹಚ್ಚಿಕೊಳ್ಳುವುದಿಲ್ಲ ಎಂದು ಆ ಹುಡುಗಿ ಹಟ ಹಿಡಿದಳು. ಆದರೂ ಅಣ್ಣ ಕರೆಯಲಿಲ್ಲ, ತಮ್ಮ ಕೇಳಲಿಲ್ಲ.

ರಂಜಾನ್ ಹಬ್ಬದ ಬೆಳಿಗ್ಗೆ ತಮ್ಮ ಈದ್ಗಾಕ್ಕೆ ತಡವಾಗಿ ಓಡಿಬಂದ. ಸಾಲಿನಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ಅಣ್ಣನ ಬಲಗಡೆ. ನಮಾಜಿನ ಸಾಲಿನಲ್ಲಿ ಸಂದು ಬಿಡುವಂತಿಲ್ಲ, ಹೆಗಲಿಗೆ ಹೆಗಲು ತಾಗಬೇಕು. ತಾಗಿತು.

ನಮಾಜಿನ ಕೊನೆಗೆ ಎಲ್ಲರೂ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಮುಖ ತಿರುಗಿಸಿ ‘ನಿಮಗೆ ಶಾಂತಿ ಇರಲಿ’ ಎಂದು ಸಲಾಂ ಹೇಳುತ್ತಾರೆ. ಎಲ್ಲರೂ ಒಂದೇ ಕಡೆ ತಿರುಗುವುದರಿಂದ ಪಕ್ಕದವನ ಕಿವಿ ಕಂಡೀತು, ಮುಖ ಕಾಣದು. ಮುನಿಸಿಕೊಂಡವರಿಗೆ ಇದು ಬಹಳ ಅನುಕೂಲ! ಆದರೆ ಅಣ್ಣನ ಹೆಗಲು ತಾಗಿದ ತಮ್ಮನಿಗೆ ಮನಸ್ಸು ನೆಟ್ಟಗಿರಲಿಲ್ಲ. ಗಡಿಬಿಡಿಯಲ್ಲಿ ಮೊದಲೇ ಎಡಕ್ಕೆ ತಿರುಗಿಬಿಟ್ಟ. ಅಣ್ಣ ಸರಿಯಾಗಿ ಬಲಕ್ಕೆ ತಿರುಗಿದ. ಮೂಗಿಗೆ ಮೂಗು ಬಂತು. ಇಬ್ಬರ ಬಾಯಲ್ಲೂ ಒಮ್ಮೆಗೇ “ಅಸ್ಸಲಾಮು ಅಲೈಕುಮ್!”

ಸಲಾಂ ಕೇಳಿದ ಮೇಲೆ ಉತ್ತರ ಕೊಡದೆ ಇರುವಂತಿಲ್ಲ. ನಮಾಜು ಮುಗಿದ ಕೂಡಲೇ ಅಣ್ಣ “ವ ಅಲೈಕುಮ್ ಸಲಾಂ” ಎಂದ. ಅನ್ನುತ್ತಲೇ ನಗು ತಡೆಯಲಾಗಲಿಲ್ಲ. ತಮ್ಮನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಅಣ್ಣಾ, ಹಬ್ಬದ ದಿನ ನನ್ನ ಕಿವಿಗೆ ಅತ್ತರ ಇಡಂಗಿಲ್ಲೇನು?”

“ಇಡತೀನಿ. ಹತ್ತಿ ತಗೀ ಮೊದಲ!”

ತಮ್ಮ ತನ್ನ ಅಂಗಿಗೆ ಅಂಟಿದ್ದ ಹತ್ತಿಯ ಎಳೆ ಕಿತ್ತುಕೊಟ್ಟ. ಅಣ್ಣ ಅದನ್ನು ಜೇಬಿನಲ್ಲಿದ್ದ ಸೀಸೆಯ ಅತ್ತರಿನಲ್ಲಿ ಅದ್ದಿ ಅವನ ಕಿವಿಗೆ ಸಿಕ್ಕಿಸಿ, ಬರಸೆಳೆದು ಅಪ್ಪಿಕೊಂಡ. ಅಂದು ಸಂಜೆಯೇ ಹುಡುಗಿಯ ಕೈಗೆ ಮದರಂಗಿ ಬಿತ್ತು.

ಶಿಷ್ಯನಿಗೂ ನಗು ಬಂತು. “ಕತೆ ಚೆನ್ನಾಗಿದೆ ಉಸ್ತಾದರೇ. ಆದರೆ ಆ ತಮ್ಮನ ನಮಾಜು ಸರಿಯಾಯಿತೇ?”

ಉಸ್ತಾದರು ಅವನನ್ನು ಪ್ರೀತಿಯಿಂದ ನೋಡಿದರು. “ಅದಿರಲಿ, ನಿನ್ನ ತಮ್ಮ ಈಗ ಯಾವ ಸಾಲಿನಲ್ಲಿ ನಿಲ್ಲುತ್ತಾನೆ?”