ಕವಲಯ್ಯನ ಕಾನೂನು ಎಲ್ಲರದಾಯಿತು

ಮಕ್ಕಳೇ, ಹೊನ್ನೆಮರಡಿ ಎಂಬ ಕಾಡಿನ ನಡುವೆ ಒಂದು ದೊಡ್ಡ ಕೆರೆಯಿತ್ತು. ಆನೆಯಿಂದ ಹಿಡಿದು ಮೊಲದವರೆಗೆ ಎಲ್ಲರೂ ಕುಡಿಯುತ್ತಿದ್ದುದು ಅದೇ ನೀರು. ಆ ಕಾಡಿಗೆ ರಾಜನಿರಲಿಲ್ಲ. ಪ್ರಾಣಿಗಳು ತಾವೇ ಆರಿಸಿದ ಹಿರಿಯರ ಸಭೆಯೊಂದು ಆಲದ ಮರದಡಿ ಸೇರಿ ಕಾನೂನು ಮಾಡುತ್ತಿತ್ತು. ಆನೆ ಭದ್ರಮ್ಮ ಅದರ ಅಧ್ಯಕ್ಷೆ.

ಆ ಸಭೆಯಲ್ಲಿ ಕವಲಯ್ಯ ಎಂಬ ಕಡವೆಯೂ ಇದ್ದ. ಮಾತಿನಲ್ಲಿ ಜಾಣ, ಕೆಲಸದಲ್ಲಿ ಚುರುಕು. ಆ ವರ್ಷ ಕೆರೆಯ ಏರಿ ಸೋರತೊಡಗಿದಾಗ ಅವನೇ ಏರಿಯುದ್ದಕ್ಕೂ ನಡೆದು ನೋಡಿ ಒಂದು ಕಾನೂನು ಸಿದ್ಧಪಡಿಸಿದ: 'ಏರಿಯಲ್ಲಿರುವ ಬಿಲಗಳನ್ನೆಲ್ಲ ಮುಚ್ಚತಕ್ಕದ್ದು.' ಎಷ್ಟು ಚೊಕ್ಕವಾದ ಮಾತು ಎಂದು ತನಗೆ ತಾನೇ ಹೇಳಿಕೊಂಡು ಹಿಗ್ಗಿದ.

ಆದರೆ ಯಾವ ಕಾನೂನನ್ನೂ ಒಪ್ಪುವ ಮೊದಲು ಕಾಡಿನವರನ್ನೆಲ್ಲ ಕರೆದು ಅವರ ಅಭಿಪ್ರಾಯ ಕೇಳಬೇಕೆಂಬುದು ಅಲ್ಲಿನ ಪದ್ಧತಿ. ಕವಲಯ್ಯನಿಗೆ ಅದು ಹಿಡಿಸುತ್ತಿರಲಿಲ್ಲ. ತಾನು ಕಷ್ಟಪಟ್ಟು ಕಟ್ಟಿದ ಸಾಲಿಗೆ ಕಂಡಕಂಡವರು ಕೈಹಾಕುವುದೆಂದರೆ ಅವನಿಗೆ ಮೈ ಉರಿಯುತ್ತಿತ್ತು. ಅದಕ್ಕೇ ಒಂದು ಉಪಾಯ ಹೂಡಿದ. ಸುಡುಸುಡು ಮಧ್ಯಾಹ್ನಕ್ಕೆ ಕಾಡಿನವರ ಸಭೆ ಕರೆದ.

ರಾತ್ರಿ ತಿರುಗುವವರು ಗಾಢ ನಿದ್ದೆಯಲ್ಲಿದ್ದರು. ಹಗಲು ತಿರುಗುವವರು ನೆರಳು ಬಿಟ್ಟು ಏಳಲಿಲ್ಲ. ಆಲದಡಿಗೆ ಬಂದದ್ದು ಒಂದು ಮುದಿ ಆಮೆ, ಅದೂ ದಾರಿ ತಪ್ಪಿ.

"ಯಾರ ತಕರಾರೂ ಇಲ್ಲ" ಎಂದು ಕವಲಯ್ಯ ಹಿರಿಯರಿಗೆ ತಿಳಿಸಿದ. ಭದ್ರಮ್ಮನಿಗೆ ಏಕೋ ಅನುಮಾನ. ಆದರೆ ನೀರು ದಿನೇ ದಿನೇ ಇಳಿಯುತ್ತಿತ್ತು. ಸಭೆ ಕಾನೂನನ್ನು ಒಪ್ಪಿತು.

ಮರುದಿನ ಬೆಳಗ್ಗೆಯೇ ಕಾಡುಹಂದಿಗಳು ಏರಿಯ ಬಿಲಗಳಿಗೆ ಮಣ್ಣು ತುಂಬತೊಡಗಿದವು. ಸದ್ದಿಗೆ ಎಚ್ಚರಗೊಂಡು ಸೂಜವ್ವ ಎಂಬ ಮುಳ್ಳುಹಂದಿ ಏನೆಂದು ನೋಡಲು ಹೊರಬಂದಳು. ಅವಳು ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಅವಳ ಬಿಲದ ಬಾಯಿ ಮುಚ್ಚಿಹೋಗಿತ್ತು. ಹಂದಿಗಳು ಮಣ್ಣನ್ನು ಗಟ್ಟಿಯಾಗಿ ತುಳಿದು ಮುಂದೆ ಸಾಗಿದ್ದವು; ಅವಳು ಕೆದರಿದರೂ ಅದು ಅಲುಗಲಿಲ್ಲ. ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದರೂ ಅವಳು ಎಡವುತ್ತ ಮುಗ್ಗರಿಸುತ್ತ ಕವಲಯ್ಯನ ಬಳಿಗೆ ಓಡಿದಳು.

"ನನ್ನ ಮಕ್ಕಳು ಒಳಗಿದ್ದಾರೆ" ಎಂದಳು.

"ಮೊನ್ನೆ ಮಧ್ಯಾಹ್ನ ಸಭೆ ಕರೆದಿದ್ದೆವಲ್ಲಮ್ಮ. ಬಂದು ಹೇಳಬಹುದಿತ್ತು."

"ನಾವು ಮಲಗಿರುವ ಹೊತ್ತು ನೋಡಿ ಕರೆದಿರಿ. ಈಗ ಬರಲಿಲ್ಲ ಅನ್ನುತ್ತೀರಾ ಸ್ವಾಮಿ?"

ಕವಲಯ್ಯ ತಟ್ಟನೆ ಹೊರಟ. ಅವಳ ಹಿಂದೆಯೇ ಏರಿಗೆ ಓಡಿದ. ಗೊರಸಿನಿಂದ ಕೆದರಿದ. ಅದು ಸಾಲದೆ ಕೊಂಬಿನಿಂದ ಅಗೆದ. ಕಲ್ಲಿಗೆ ಬಡಿದು ಕೊಂಬಿನ ಒಂದು ಕವಲು ಲಟಕ್ಕನೆ ಮುರಿಯಿತು. ಅವನು ನಿಲ್ಲಿಸಲಿಲ್ಲ. ಕೊನೆಗೆ ಮಣ್ಣು ಸರಿದು, ಎರಡು ಪುಟ್ಟ ಮೂತಿಗಳು ಸೀನುತ್ತ ಹೊರಬಂದವು. ಕವಲಯ್ಯ ಅಲ್ಲೇ ಕುಸಿದು ಕುಳಿತ.

ಅಂದೇ ಅವನು ಸಭೆಯ ಮುಂದೆ ನಿಂತ. "ತಕರಾರಿಲ್ಲ ಎಂದಿದ್ದೆ. ನಾನು ಯಾರನ್ನೂ ಸರಿಯಾಗಿ ಕೇಳಿರಲೇ ಇಲ್ಲ. ಈ ಕಾನೂನನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮುಸ್ಸಂಜೆಗೆ ಎಲ್ಲರನ್ನೂ ಕರೆಯೋಣ. ಆಗ ಹಗಲಿನವರು ಮಲಗಿರುವುದಿಲ್ಲ, ರಾತ್ರಿಯವರು ಎದ್ದಿರುತ್ತಾರೆ."

ಭದ್ರಮ್ಮ ಒಪ್ಪಿದಳು. ಈ ಬಾರಿ ಕವಲಯ್ಯ ತಾನೇ ಪೊದೆಯಿಂದ ಪೊದೆಗೆ, ಮರದಿಂದ ಮರಕ್ಕೆ ಹೋಗಿ ಕರೆದುಬಂದ. ಸಂಜೆ ಆಲದಡಿ ಕಾಲಿಡಲು ಜಾಗವಿರಲಿಲ್ಲ.

ನೀರಿನ ಕಡೆಯ ಬಿಲಗಳಿಂದಷ್ಟೇ ಏರಿ ಸೋರುತ್ತದೆ, ಹೊರಮೈಯ ಮೇಲ್ಭಾಗದವುಗಳಿಂದ ಅಲ್ಲ ಎಂದು ನೀರುನಾಯಿ ವಿವರಿಸಿತು. ಹಾವಿನ ಬಿಲಗಳನ್ನು ಮಾತ್ರ ಎಲ್ಲಿದ್ದರೂ ಮುಚ್ಚಿಬಿಡಿ ಎಂದಿತು ಮುಂಗುಸಿ. ಎಲ್ಲರೂ ನಕ್ಕರು, ಆ ಮಾತು ಅಲ್ಲಿಗೇ ಬಿತ್ತು. ಮನೆ ಬಿಡುವವರಿಗೆ ಪಕ್ಕದ ದಿಬ್ಬದಲ್ಲಿ ಜಾಗ ಕೊಡಬೇಕೆಂದು ಮೊಲ ಕೇಳಿತು. ಬಿಲದ ಬಾಯಲ್ಲಿ ಕೂಗಿ ನೋಡಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಮಣ್ಣು ಹಾಕಬೇಕೆಂದು ಸೂಜವ್ವ ಹೇಳಿದಳು.

ಆಮೇಲೆ ಕಾಡುಹಂದಿಯೊಂದು ಹಿಂಜರಿಯುತ್ತಲೇ ಎದ್ದು, ಕಡವೆಗಳ ಹಿಂಡು ಏರಿಯ ಮೇಲಿಂದ ನುಗ್ಗಿ ನೀರಿಗಿಳಿಯುವುದರಿಂದಲೂ ಮಣ್ಣು ಕುಸಿಯುತ್ತಿದೆ ಎಂದಿತು. ಎಲ್ಲರ ಕಣ್ಣೂ ಕವಲಯ್ಯನ ಕಡೆ ತಿರುಗಿತು.

"ನಿಜ. ಅದನ್ನೂ ಸೇರಿಸಿ. ನಮ್ಮ ಹಿಂಡು ಇನ್ನು ಮೇಲೆ ಏರಿ ಬಿಟ್ಟು ಆಚೆಯ ಕಲ್ಲುಹಾಸಿನ ದಾರಿಯಲ್ಲೇ ಇಳಿಯುತ್ತದೆ" ಎಂದ.

ಒಂದು ಸಾಲಿನ ಕಾನೂನು ಉದ್ದವಾಯಿತು. ಮಳೆಗಾಲ ಬರುವಷ್ಟರಲ್ಲಿ ಏರಿಯೂ ಗಟ್ಟಿಯಾಯಿತು. ಆ ವರ್ಷ ಕೆರೆ ತುಂಬಿ ತುಳುಕಿತು.

ಒಂದು ಸಂಜೆ ಕವಲಯ್ಯ ನೀರು ಕುಡಿಯುತ್ತಿದ್ದಾಗ ಸೂಜವ್ವ ತನ್ನ ಮಕ್ಕಳಿಗೆ ಕಾನೂನನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಕೂಗಿ ನೋಡಿ ಮಣ್ಣು ಹಾಕುವ ಮಾತು ಬಂದಾಗ ಅವಳು ತಲೆಯೆತ್ತಿ, "ಇದು ನಾನು ಹೇಳಿ ಸೇರಿಸಿದ್ದು" ಎಂದಳು. ಮೊದಲಾಗಿದ್ದರೆ ಕವಲಯ್ಯನ ಮೈ ಉರಿಯುತ್ತಿತ್ತು. ಈಗ ಅವನ ಎದೆಯೂ ಅವಳಷ್ಟೇ ಹೆಮ್ಮೆಯಿಂದ ಉಬ್ಬಿತು.

ನೀತಿ: ಎಲ್ಲರೂ ಪಾಲಿಸಬೇಕಾದ ಕಾನೂನನ್ನು ಎಲ್ಲರ ಮಾತು ಕೇಳಿಯೇ ಮಾಡಬೇಕು; ಕೇಳಿದಂತೆ ನಟಿಸಿದರೆ ಸಾಲದು.