ಬಾನೆಟ್ ಮೇಲಿನ ಬೆಕ್ಕು

ಮರಿಗಳನ್ನೂ ಜೇನಿನ ಗಡಿಗೆಗಳನ್ನೂ ಹೊತ್ತು ಗುಡ್ಡ ಹತ್ತಿಳಿದು ಕರಡಿಯಕ್ಕನಿಗೆ ಸಾಕುಸಾಕಾಗಿತ್ತು. ನರಿಯಣ್ಣ ತನ್ನ ಹಳೆಯ ಜೀಪು ಮಾರುತ್ತಾನೆಂದು ಕೇಳಿ, ಚಳಿಗಾಲದ ಒಂದು ಬೆಳಿಗ್ಗೆ ನೋಡಲು ಬಂದಳು. ಬಾನೆಟ್ ಮೇಲೆ ಬೆಕ್ಕೊಂದು ಸುಖವಾಗಿ ನಿದ್ದೆಹೋಗಿತ್ತು. ನರಿಯಣ್ಣ ಅದನ್ನು ಕೆಳಗಿಳಿಸಿದ.

ಏರಿನ ನಡುವೆ ಗಾಡಿ ಕೈಕೊಟ್ಟರೆ ಅವಳಿಗೆ ತಳ್ಳುವವರಿಲ್ಲ. ಆದ್ದರಿಂದ ಟೈರುಗಳನ್ನು ಒತ್ತಿ ನೋಡಿದಳು, ಅಡಿಗೆ ನುಸುಳಿ ತುಕ್ಕು ಹಿಡಿದಿದೆಯೇ ಎಂದು ಉಗುರಿನಿಂದ ಕೆರೆದಳು, ಆಯಿಲ್ ಮುಟ್ಟಿ ಮೂಸಿದಳು. ಕೀಲಿ ತಿರುವಿದ್ದೇ ತಡ, ಎಂಜಿನ್ನು ಗುರ್ರೆಂದು ಎದ್ದಿತು.

"ನೋಡಿದೆಯಾ ಅಕ್ಕ, ಒಂದೇ ಸಲಕ್ಕೆ!" ಎಂದ ನರಿಯಣ್ಣ.

ಅವಳು ಒಪ್ಪಿ ಕೈ ಚಾಚುವಷ್ಟರಲ್ಲಿ ಬೆಕ್ಕು ಮೈಮುರಿದು ಹೇಳಿತು: "ನರಿಯಣ್ಣ, ನಿನ್ನ ಹೊಟ್ಟೆ ತಣ್ಣಗಿರಲಿ! ಬೇರೆ ದಿನ ಈ ತಗಡು ತಣ್ಣಗೆ ಕೊರೆಯುತ್ತದೆ. ಕೊಳ್ಳುವವರು ಬರುವ ದಿನ ಮಾತ್ರ ನೀನು ನಸುಕಿನಲ್ಲೇ ನಾಲ್ಕು ತೋಳಗಳಿಂದ ಜೀಪು ತಳ್ಳಿಸಿ, ಸ್ಟಾರ್ಟ್ ಮಾಡಿ, ನನ್ನ ಹಾಸಿಗೆ ಬೆಚ್ಚಗೆ ಮಾಡಿಡುತ್ತೀಯ. ಹೆತ್ತ ತಾಯಿಯೂ ನನಗೆ ಇಷ್ಟು ಮಾಡಲಿಲ್ಲ."

ನರಿಯಣ್ಣ ಆಕಾಶ ನೋಡತೊಡಗಿದ.

"ಕಾದ ಎಂಜಿನ್ನು ಯಾರ ಕೈಗಾದರೂ ಏಳುತ್ತದೆ. ನನಗೆ ತಣ್ಣಗಿದ್ದಾಗಲೂ ಏಳುವಂಥದು ಬೇಕು" ಎಂದು ಕರಡಿಯಕ್ಕ ಕೀಲಿ ಹಿಂತಿರುಗಿಸಿದಳು. ಆಮೇಲೆ ಬೆಕ್ಕಿನ ಮುಂದೆ ಮಂಡಿಯೂರಿ ಕೈಮುಗಿದಳು.

"ನೀನು ಹರಸಿದ್ದು ಅವನನ್ನು, ಪಾರಾದದ್ದು ನನ್ನ ಮರಿಗಳು. ಇನ್ನು ಚಳಿಯಾದರೆ ನನ್ನ ಬೆನ್ನ ಮೇಲೆ ಮಲಗು, ತಂಗಿ. ಅದು ಬೆಚ್ಚಗಾಗಲು ಯಾರೂ ತಳ್ಳಬೇಕಿಲ್ಲ."