ಪಾತ್ರೆ ವ್ಯಾಪಾರಿಯ ಹಸ್ಕಿ

“ತಾಯಿ, ಭಯ ಬಿಡುವುದು ಹೇಗೆ?” ಎಂದು ಶಿಷ್ಯೆ ಕೊಟ್ರಮ್ಮ ಕೇಳಿದಳು. “ನನಗಾಗಿ ನಾನು ಹೆದರುವವಳಲ್ಲ. ಗಂಡ ಬರುವುದು ತಡವಾದರೆ ಕೈಕಾಲು ಆಡುವುದಿಲ್ಲ. ಮಕ್ಕಳು ಕೆಮ್ಮಿದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಇದು ಪ್ರೀತಿಯಲ್ಲವೇ? ಪ್ರೀತಿಯಾದರೆ ಯಾಕೆ ಬಿಡಬೇಕು?”

ಬಸಲಿಂಗವ್ವ ತಾಯಿ ಬಾಯೊಳಗಿನ ಎಲೆ ಅಡಿಕೆ ಉಗುಳಿ ಬಂದು ಕೂತರು. “ಇನ್ನೊಬ್ಬರ ಮನೆ ವಿಷಯ ಆಡಬಾರದು. ಆದರೆ ನೀನು ಕೇಳಿದ್ದೀಯ, ಆಡದೆ ವಿಧಿಯಿಲ್ಲ” ಎಂದು ಈ ಕತೆ ಹೇಳಿದರು.

ಬಿಸಿಲಿಗೆ ಹೆಸರಾದ ಒಂದು ಊರು. ಅಲ್ಲೊಬ್ಬ ಪಾತ್ರೆ ವ್ಯಾಪಾರಿ. ಅಂಗಡಿಯಲ್ಲಿ ಬೇಕಾದಷ್ಟೇ ಮಾತು, ಮನೆಯಲ್ಲಿ ಅದೂ ಇಲ್ಲ. ಅವನ ಹೆಂಡತಿಯೋ, ಗಂಡನ ಉಸಿರು ಕಾಯುವುದನ್ನೇ ಕಸುಬು ಮಾಡಿಕೊಂಡವಳು. ಅವನು ಸೀನಿದರೆ ಕಷಾಯ ಇಡುವಳು, ಆಕಳಿಸಿದರೆ ದೃಷ್ಟಿ ತೆಗೆಯುವಳು.

ಆ ಊರಿನಲ್ಲಿದ್ದ ಸಾಹೇಬನೊಬ್ಬನಿಗೆ ವರ್ಗವಾಯಿತು. ಹೋಗುವಾಗ ತನ್ನ ಹಸ್ಕಿ ನಾಯಿಯನ್ನು ವ್ಯಾಪಾರಿಯ ಕೈಗೆ ಕೊಟ್ಟುಹೋದ. ಹಿಮದ ದೇಶದಲ್ಲಿ ಬಂಡಿ ಎಳೆಯುವ ಜಾತಿ ಅದು. ಮೈಮೇಲೆ ಕಂಬಳಿ ಹೊದ್ದಂತೆ ಕೂದಲು, ಕಣ್ಣು ನೀಲಿ.

ಆ ನಾಯಿಯ ಕಾಟ ಒಂದೇ ಎರಡೇ! ಸಾರಿನಲ್ಲಿ ಕೂದಲು, ದೇವರ ಬತ್ತಿಯಲ್ಲಿ ಕೂದಲು. ಹಿತ್ತಲನ್ನೆಲ್ಲ ಕೆದರಿ ಗುಂಡಿ ಮಾಡಿ ಅದರಲ್ಲಿ ಮಲಗುವುದು. ಕಾಂಪೌಂಡ್ ಹಾರಿ ಓಡಿದರೆ ಅರ್ಧ ಊರು ಹಿಂದೆ ಓಡಬೇಕು. ಕಾವಲಿಗಾದರೂ ಆಯಿತೇ ಅಂದರೆ, ಕಳ್ಳ ಬಂದು ಹಂಡೆ ಹೊತ್ತುಕೊಂಡು ಹೋದಾಗ ಬಾಲ ಅಲ್ಲಾಡಿಸುತ್ತ ಬೀದಿಯ ತುದಿಯವರೆಗೆ ಬೀಳ್ಕೊಟ್ಟು ಬಂತು.

ಆದರೂ ವ್ಯಾಪಾರಿ ನಕ್ಕ. ಮದುವೆಯಾದ ಮೇಲೆ ಹೆಂಡತಿ ಅವನ ಹಲ್ಲು ಕಂಡದ್ದೇ ಆಗ. ಬೆಳಗಾದರೆ ನಾಯಿ ಅವನನ್ನು ಎಳೆದುಕೊಂಡು ಹೋಗುವುದು. ಹೊಟ್ಟೆ ಮುಂದೆ, ಪಂಚೆ ಹಿಂದೆ, ಬೀದಿಯವರೆಲ್ಲ ಬಾಗಿಲಲ್ಲಿ. ಅದು ‘ಊ ಊ’ ಎಂದು ಮಾತಾಡಿದಂತೆ ರಾಗ ಎಳೆದರೆ ಇವನೂ ಅದೇ ರಾಗದಲ್ಲಿ ಉತ್ತರ ಕೊಡುವನು. ಹೆಂಡತಿ ಬಟಾಣಿ ಸುಲಿಯಲು ಕೂತರೆ ನಾಯಿ ಬಂದು ಅವಳ ಪಾದದ ಮೇಲೆ ತಲೆಯಿಟ್ಟು ಮಲಗುವುದು. ಬೈದುಕೊಳ್ಳುತ್ತಲೇ ಅವಳು ಕಾಲು ಅಲುಗಿಸದೆ ಕೂರುತ್ತಿದ್ದಳು.

ಆದರೆ ಆ ಜಾತಿ ಬೊಗಳುವುದು ಅಪರೂಪ. ಗಿರಣಿಯ ಸೈರನ್ ಕೂಗಿದರೆ ಸಾಕು, ಕತ್ತು ಮೇಲೆತ್ತಿ ಊಳಿಡುವುದು. ಎದುರು ಮನೆಯಾಕೆ ಅದಕ್ಕೇ ಕಾದಿದ್ದವಳಂತೆ ಬಂದಳು.

“ನಾಯಿ ಊಳಿಟ್ಟ ಮನೆಗೆ ಒಳ್ಳೇದಾಗಲ್ಲ ಕಣಮ್ಮ. ನಿಮ್ಮ ಯಜಮಾನ್ರ ಮುಖ ಯಾಕೋ ಕಪ್ಪಿಟ್ಟಿದೆ ನೋಡು. ನಾನು ಹೇಳ್ದೆ ಅಂತ ಮಾತ್ರ ಹೇಳಬೇಡ.”

ಮುಗಿಯಿತು. ಆವತ್ತಿನಿಂದ ನಾಯಿ ಊಳಿಟ್ಟಾಗಲೆಲ್ಲ ಹೆಂಡತಿ ಕೈಯಲ್ಲಿದ್ದ ಕೆಲಸ ಬಿಟ್ಟು ಅಂಗಡಿಗೆ ಓಡುವಳು. ಗಂಡ ತಕ್ಕಡಿ ಹಿಡಿದು ಕೂತಿರುವುದನ್ನು ದೂರದಿಂದ ನೋಡಿ ಬರುವಳು. ನಾಯಿಯ ಕೊರಳಿಗೆ ನಿಂಬೆಹಣ್ಣು ಕಟ್ಟಿದಳು. ಅದು ನಿಂಬೆಹಣ್ಣನ್ನೇ ತಿಂದಿತು. ಕೊನೆಗೆ ಗಂಡನ ಮುಂದೆ ತಾಳಿ ಹಿಡಿದು ನಿಂತಳು. “ಇದು ಉಳೀಬೇಕಾ, ಆ ನಾಯಿ ಉಳೀಬೇಕಾ, ಇವತ್ತೇ ಹೇಳಿಬಿಡಿ” ಎಂದು ಅತ್ತಳು. ಅವನು ಎದ್ದ. ನಾಯಿಯನ್ನು ಟೆಂಪೋ ಹತ್ತಿಸಿಕೊಂಡು ಹೋದ, ಬರಿಗೈಯಲ್ಲಿ ಬಂದ. “ದೂರದ ಊರಲ್ಲಿ ಗುರುತಿನವರಿಗೆ ಕೊಟ್ಟೆ” ಎಂದ. ಮತ್ತೆ ಬಾಯಿಗೆ ಬೀಗ ಬಿತ್ತು.

ಭಯ ಹೋಯಿತೇ? ಎಲ್ಲಿ ಹೋಗುತ್ತದೆ! ಮಳೆಗಾಲ ಕಳೆದು ಬೇಸಿಗೆ ಬಂತು. ವ್ಯಾಪಾರಿ ಮಧ್ಯಾಹ್ನ ಅಂಗಡಿ ಮುಚ್ಚಿದರೂ ಊಟಕ್ಕೆ ಬರುವುದು ಬಹಳ ತಡವಾಗತೊಡಗಿತು. ಬಂದವನಿಗೆ ನೀರಿನ ಲೋಟ ಕೊಡುವಾಗ ಬೆರಳು ತಾಗಿದವು. ಕೋಳಿ ಕೂಡ ನೆಲಕ್ಕೆ ಕಾಲಿಡದ ಬಿಸಿಲಿನಲ್ಲಿ ಅವನ ಕೈ ತಣ್ಣಗಿತ್ತು. ಹೆಣದ ಕೈಯಂತೆ ತಣ್ಣಗಿತ್ತು. ಅದೇ ವಾರ ಅವನ ಅಂಗಿ ಒಗೆಯುವಾಗ ಉದ್ದನೆಯ ಬಿಳಿ ಕೂದಲೊಂದು ಸಿಕ್ಕಿತು. ನಾಯಿ ಹೋಗಿ ಎಷ್ಟು ಕಾಲವಾಯಿತು! ಅಂಗಿಯೂ ಹೊಸದು.

ಎದುರು ಮನೆಯಾಕೆಯ ಹತ್ತಿರ ಬಾಯಿ ಬಿಟ್ಟಳು. ಬಿಡಬಾರದಿತ್ತು.

“ಬಿಳಿ ಕೂದಲಾ? ಅಯ್ಯೋ, ಹೋಗಿ ಹೋಗಿ ಮುದುಕಿನಾ!” ಎಂದು ಆಕೆ ಸೆರಗು ಬಾಯಿಗೆ ತುರುಕಿಕೊಂಡಳು. “ಐಸ್ ಫ್ಯಾಕ್ಟರಿ ಹಿಂದೆ ಹೋಗ್ತಾರೆ ಅಂತ ನಮ್ಮವರು ಹೇಳ್ತಾನೇ ಇದ್ರು. ಅಲ್ಲಿ ಗಂಡ ಸತ್ತವಳೊಬ್ಬಳು ಮಂಜುಗಡ್ಡೆ ಒಡೀತಾಳಂತೆ. ವಯಸ್ಸು ಎಷ್ಟೋ ನಾ ಕಾಣೆ.”

ಇನ್ನು ಕೇಳಬೇಕೇ! ಹೆಂಡತಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ತಣ್ಣನೆ ಕೈ ನೆನೆದರೆ ಅವನು ಸಾಯುತ್ತಿದ್ದಾನೆ ಅನ್ನಿಸುವುದು. ಬಿಳಿ ಕೂದಲು ನೆನೆದರೆ ತನ್ನನ್ನು ಬಿಡುತ್ತಿದ್ದಾನೆ ಅನ್ನಿಸುವುದು. ಎರಡರಲ್ಲಿ ಯಾವುದು ಸುಳ್ಳಾಗಲಿ ಎಂದು ದೇವರನ್ನು ಬೇಡಬೇಕೋ ಅವಳಿಗೆ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಸೆರಗು ಹೊದ್ದು ಹೊರಟೇಬಿಟ್ಟಳು. ಐಸ್ ಫ್ಯಾಕ್ಟರಿಯ ಹಿಂಬಾಗಿಲಲ್ಲಿ ಒಬ್ಬ ಹೆಂಗಸು ಮಂಜುಗಡ್ಡೆ ಒಡೆಯುತ್ತ ಕೂತಿದ್ದಳು. ಮುದುಕಿಯಲ್ಲ. ಲಕ್ಷಣವಾಗಿದ್ದಳು ಕೂಡ.

“ನಾಯಿ ಸಾವ್ಕಾರ್ರ ಮನೆಯವರಾ?” ಎಂದಳು ಅವಳು, ಸುತ್ತಿಗೆ ನಿಲ್ಲಿಸದೆ. “ಒಳಗಿದ್ದಾರೆ ಹೋಗಿ. ಬಾಗಿಲು ಹಾಕ್ಕೊಳ್ಳಿ ಅಕ್ಕಾ, ತಂಪೆಲ್ಲ ಹೊರಗೆ ಹೋಗುತ್ತೆ.”

ಬಾಗಿಲ ಹಿಂದೆ ಗಂಡನ ನಗು ಕೇಳಿಸಿತು. ಹೆಂಡತಿ ಅಲ್ಲೇ ನಿಂತು ಬಾಗಿಲ ಸಂದಿಯಲ್ಲಿ ಇಣುಕಿದಳು. ಮರದ ಹೊಟ್ಟು ಹರಡಿದ ಒದ್ದೆ ನೆಲದ ಮೇಲೆ ಹಸ್ಕಿ ಹೊಟ್ಟೆ ಊರಿ ಮಲಗಿತ್ತು. ಗಂಡ ಗೋಣಿಚೀಲದ ಮೇಲೆ ಕೂತು, ಅದರ ಕೂದಲಲ್ಲಿ ಕೈಯಿಟ್ಟು, ಮದುವೆಯ ಪಾತ್ರೆ ಕೊಳ್ಳಲು ಅಂಗಡಿಗೆ ಬಂದ ಬೀಗಿತ್ತಿಯರು ಕೊಳಗ ಬಡಿದು ಬಡಿದು ನೋಡಿದ್ದನ್ನು ಅಭಿನಯಿಸಿ ತೋರಿಸುತ್ತಿದ್ದ. ಅವನಿಗೆ ಇಷ್ಟು ಮಾತು ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹೆಂಗಸಿನ ಜತೆ ಸಿಕ್ಕಿದ್ದರೆ ಕೂದಲು ಹಿಡಿದು ಎಳೆಯಬಹುದಿತ್ತು. ಈಗ ಯಾರ ಕೂದಲು ಹಿಡಿಯುವುದು?

ಆಮೇಲೆ ಅವನ ದನಿ ಇಳಿಯಿತು.

“ಎಡಗಡೆ ಹಿಡಿದ ಹಾಗಾಗುತ್ತೆ ಕಣೋ. ಕೊಳಗ ಎತ್ತಿದರೆ ಉಸಿರು ನಿಲ್ಲುತ್ತೆ. ಡಾಕ್ಟರ ಹತ್ತಿರ ಹೋದರೆ ಮನೇಲಿ ಗೊತ್ತಾಗುತ್ತೆ. ಗೊತ್ತಾದರೆ ಅವಳು ಬದುಕ್ತಾಳಾ? ನಿನಗೆ ಹೇಳಿದ್ದೀನಲ್ಲ, ಸಾಕು ಬಿಡು.”

ಅವಳು ಬಾಗಿಲು ತಳ್ಳಿದಳು. ನಾಯಿ ಹಾರಿ ಬಂದು ಒದ್ದೆ ಕಾಲನ್ನು ಅವಳ ಎದೆಯ ಮೇಲಿಟ್ಟಿತು. ಅಟ್ಟಿದ ಸಿಟ್ಟು ಅದಕ್ಕಿರಲಿಲ್ಲ. ಗಂಡ ದಡಬಡಿಸಿ ಎದ್ದ. ತಪ್ಪು ಮಾಡಿ ಸಿಕ್ಕಿಬಿದ್ದ ಆಳಿನಂತೆ ಗೋಡೆಗೆ ಒತ್ತಿ ನಿಂತ.

“ನಾಳೆನೇ ಇದನ್ನ ಕಳಿಸಿಬಿಡ್ತೀನಿ. ಅಳಬೇಡ ಮಾರಾಯ್ತಿ, ನನಗೇನೂ ಆಗಿಲ್ಲ. ನೋಡು, ಗಟ್ಟಿಯಾಗೇ ಇದ್ದೀನಿ” ಎಂದ. ಹೇಳುವಾಗ ಒಂದು ಕೈ ಎದೆಯ ಮೇಲಿತ್ತು.

ಬಸಲಿಂಗವ್ವ ತಾಯಿ ಅಲ್ಲಿಗೆ ನಿಲ್ಲಿಸಿದರು.

ಕೊಟ್ರಮ್ಮನಿಗೆ ತಡೆಯಲಾಗಲಿಲ್ಲ. “ಆಮೇಲೆ? ಡಾಕ್ಟರ ಹತ್ತಿರ ಹೋದರೇ ತಾಯಿ? ಅವನು ಉಳಿದನೇ?”

ತಾಯಿ ಅವಳ ಮುಖವನ್ನೇ ನೋಡಿದರು.

“ಅದಿರಲಿ, ನಿನಗೆ ಹೆದರಿ ನಿನ್ನ ಮನೆಯಲ್ಲಿ ಯಾರ್ಯಾರು ಏನೇನು ನುಂಗಿಕೊಂಡು ಕೂತಿದ್ದಾರೆ, ಮೊದಲು ಅದನ್ನು ಹೇಳು.”